ವಾಟ್ನಿಗೆ ಕೂಡುವ ಜಕ್ಕಲಿಯ ಹಿರಿಯರಿಗೆ ಒಂದು ಬಹಿರಂಗ ಪತ್ರ



ಹಾಸಿಗೆ ಹಿಡಿದ ತಂದೆ ತಾಯಿಯ ಖರ್ಚು ಯಾರು ಕೊಡಬೇಕು ಎಂಬ ಜಗಳ ಈಗ ನಮ್ಮೂರಲ್ಲಿ, ಸುತ್ತಲ ಊರುಗಳಲ್ಲಿ ಹೊಲದ ಬದುವಿನ ಜಗಳಕ್ಕಿಂತ ಹೆಚ್ಚಾಗಿದೆ. ಅದರ ಬಗ್ಗೆ ಈ ಪತ್ರ. ಇದನ್ನು ಆ ಮಕ್ಕಳಿಗೇ ಬರೆಯಬಹುದಿತ್ತು, ಆದರೆ ಅವರು ಒಬ್ಬರ ಮೇಲೊಬ್ಬರು ಹಾಕುತ್ತಾರೆ. ಸರ್ಕಾರಕ್ಕೆ ಬರೆಯಬಹುದಿತ್ತು, ಅದು 2007ರಲ್ಲೇ ಕಾನೂನು ಮಾಡಿ ಕೈ ತೊಳೆದುಕೊಂಡಿದೆ. ನಿಮಗೇ ಬರೆಯಲು ಕಾರಣವಿದೆ. ಒಂದು ಮನೆಯ ಮಕ್ಕಳೆಲ್ಲ ಬೆಂಗಳೂರು, ಗೋವಾ, ಮಂಗಳೂರು ಬಿಟ್ಟು ಒಂದೇ ದಿನ ಒಂದೇ ಜಗಲಿಯ ಮೇಲೆ ಕೂತು, ಇನ್ನೊಬ್ಬರ ಮಾತು ಮುಗಿಯುವವರೆಗೆ ಸುಮ್ಮನಿರುವುದು ವಾಟ್ನಿಯ ದಿನ, ಅಂದರೆ ಆಸ್ತಿ ಪಾಲಾಗುವ ದಿನ. ಅವತ್ತು ಅವರೆದುರು ಕೂತಿರುವವರು ನೀವು. ಆ ದಿನ ನಿಮ್ಮ ಮಾತು ನಡೆಯುತ್ತದೆ. ಮರುದಿನದಿಂದ ಯಾರ ಮಾತೂ ನಡೆಯುವುದಿಲ್ಲ.

ನಾನು ಈ ಊರಲ್ಲಿ ಹುಟ್ಟಿ ಗಜೇಂದ್ರಗಡಕ್ಕೆ ಕೊಟ್ಟ ಹೆಣ್ಣುಮಗಳು. ನನ್ನಂಥವರನ್ನು ವಾಟ್ನಿಗೆ ಕರೆಯುವುದು ಹಕ್ಕುಬಿಟ್ಟ ಪತ್ರಕ್ಕೆ ಸಹಿ ಹಾಕಲು. ಸಹಿ ಹಾಕಿ ಚಹಾ ಕುಡಿದು ಬಸ್ಸು ಹತ್ತುತ್ತೇವೆ. ಆದರೆ ಅಪ್ಪನಿಗೆ ಲಕ್ವಾ ಹೊಡೆದಾಗ ಮೊದಲ ಫೋನು ಬರುವುದು ನಮಗೇ. ಹಾಗಾಗಿ ಈ ವಿಷಯದಲ್ಲಿ ಮಾತಾಡಲು ನನಗೆ ಹಕ್ಕಿದೆ ಎಂದುಕೊಂಡಿದ್ದೇನೆ.

ಹಿರಿಯರೇ, ಹೊಲ ಹಂಚುವುದರಲ್ಲಿ ನೀವು ತಪ್ಪುವವರಲ್ಲ. ಎರಿ ಎಷ್ಟು, ಮಸಾರಿ ಎಷ್ಟು, ದಾರಿ ಯಾರ ಹೊಲದೊಳಗೆ ಹಾಯಬೇಕು, ಬದುವಿನ ಬೇವಿನ ಗಿಡ ಯಾರದು, ಬೋರಿನ ನೀರಿನ ಪಾಳಿ ಹೇಗೆ, ಎಲ್ಲವನ್ನೂ ಕೇಳಿ ಬರೆಸುತ್ತೀರಿ. ಸೊಸೈಟಿ ಸಾಲ, ಟ್ರ್ಯಾಕ್ಟರ್ ಸಾಲ, ತಂಗಿಯ ಮದುವೆಗೆ ತೆಗೆದ ಸಾಲ ಯಾರ ತಲೆಗೆ ಎಷ್ಟೆಂದು ರೂಪಾಯಿ ಲೆಕ್ಕದಲ್ಲಿ ಬೀಳುತ್ತದೆ. ಅವ್ವ ಅಪ್ಪನ ವಿಷಯಕ್ಕೆ ಬಂದಾಗ ಮಾತ್ರ ಒಂದೇ ಸಾಲು: ತಂದೆ ತಾಯಿಯರನ್ನು ಎಲ್ಲ ಮಕ್ಕಳೂ ಸರಿಯಾಗಿ ನೋಡಿಕೊಳ್ಳತಕ್ಕದ್ದು. ಸರಿಯಾಗಿ ಎಂದರೆ ಎಷ್ಟು? ಎಲ್ಲ ಮಕ್ಕಳೂ ಎಂದರೆ ಯಾವ ದಿನ ಯಾರು? ಎಲ್ಲರದೂ ಆದ ಕೆಲಸ ಕೊನೆಗೆ ಒಬ್ಬ ಸೊಸೆಯದಾಗುತ್ತದೆ ಎಂಬುದು ಬರೆಸುವವರಿಗೂ ಗೊತ್ತು, ಬರೆಯುವವನಿಗೂ ಗೊತ್ತು. ಮುಂದೆ ಹತ್ತು ವರ್ಷ ನಡೆಯುವ ಜಗಳದ ಬೀಜ ಆ ಒಂದು ಸಾಲಿನಲ್ಲಿದೆ.

ಕಾಗದದ ಹೊರಗೆ ಒಂದು ಪದ್ಧತಿ ಇದೆ, ಅದೂ ನಿಮ್ಮದೇ. ಅಪ್ಪ ಹಿರಿಯವನ ಕಡೆ, ಅವ್ವ ಸಣ್ಣವನ ಕಡೆ. ಇಲ್ಲವೇ ಇಬ್ಬರೂ ತಿಂಗಳಿಗೊಬ್ಬರ ಮನೆಯ ಪಾಳಿ. ಈ ಪಾಳಿಯನ್ನು ಬೈಯುವುದು ಸುಲಭ. ಪೇಟೆಯವರು ಕೇಳಿದರೆ ಎದೆ ಬಡಿದುಕೊಳ್ಳುತ್ತಾರೆ. ನಾನು ಬೈಯುವುದಿಲ್ಲ. ನಡೆದಾಡುವ ಮುದುಕರಿಗೆ ಅದು ಒಪ್ಪುವ ಪದ್ಧತಿಯೇ ಆಗಿತ್ತು. ಅವರು ಉಣ್ಣುವುದು ಎರಡು ರೊಟ್ಟಿ, ಮಾಡುವುದು ಅದಕ್ಕಿಂತ ಹೆಚ್ಚು: ಮೊಮ್ಮಕ್ಕಳನ್ನು ನೋಡುತ್ತಾರೆ, ಕಾಳು ಹಸನು ಮಾಡುತ್ತಾರೆ, ಎಮ್ಮೆ ಕಾಯುತ್ತಾರೆ, ಎಲ್ಲರೂ ಹೊಲಕ್ಕೆ ಹೋದಾಗ ಮನೆಗೆ ಕಾವಲಿರುತ್ತಾರೆ. ರೊಟ್ಟಿಯ ಲೆಕ್ಕಕ್ಕೆ ಪಾಳಿ ಸಾಕಿತ್ತು.

ಈಗ ಮುಪ್ಪು ಬದಲಾಗಿದೆ. ಶುಗರು, ಬಿಪಿ ಮನೆಮನೆಯಲ್ಲಿದೆ. ಲಕ್ವಾ ಹೊಡೆದವರನ್ನು ಗದಗ, ಹುಬ್ಬಳ್ಳಿಯ ಆಸ್ಪತ್ರೆ ಉಳಿಸಿ ಕಳಿಸುತ್ತದೆ. ಅರ್ಧ ಮೈ ಹಾಸಿಗೆಯಲ್ಲೇ ಉಳಿಯುತ್ತದೆ. ಬಚ್ಚಲಲ್ಲಿ ಜಾರಿ ತೊಡೆಯ ಎಲುಬು ಮುರಿದ ಮುದುಕಿ ವರ್ಷಗಟ್ಟಲೆ ಮಲಗುತ್ತಾಳೆ. ಮರೆವಿನ ಕಾಯಿಲೆ ಬಂದ ಮುದುಕ ರಾತ್ರಿ ಎದ್ದು ಬಾಗಿಲು ತೆಗೆದು ಹೊರಡುತ್ತಾನೆ. ಮಲಗಿದವರನ್ನು ಎರಡು ತಾಸಿಗೊಮ್ಮೆ ಮಗ್ಗುಲು ಬದಲಿಸದಿದ್ದರೆ ಬೆನ್ನಿಗೆ ಹುಣ್ಣಾಗುತ್ತದೆ ಎಂದು ನರ್ಸ್‌ಗಳು ಹೇಳಿ ಕಳಿಸುತ್ತಾರೆ. ಎರಡು ತಾಸಿಗೊಮ್ಮೆ ಎಂದರೆ ರಾತ್ರಿಯೂ ಸೇರಿತು. ಇಂಥವರನ್ನು ತಿಂಗಳ ಕೊನೆಗೆ ಹೊರಸಿನ ಸಮೇತ ಒಂದು ಓಣಿಯಿಂದ ಇನ್ನೊಂದು ಓಣಿಗೆ ಹೊತ್ತು ಸಾಗಿಸುವುದು ಪಾಳಿಯೂ ಅಲ್ಲ, ಸೇವೆಯೂ ಅಲ್ಲ. ಮೂವತ್ತೊಂದು ದಿನದ ತಿಂಗಳು ನನಗೇ ಯಾಕೆ ಬಂತು ಎಂದು ಅಣ್ಣತಮ್ಮಂದಿರು ಮುದುಕಿಯ ಕಿವಿಗೆ ಬೀಳುವಂತೆ ಜಗಳಾಡುವುದನ್ನು ನೀವೂ ಕೇಳಿರುತ್ತೀರಿ.

ಮೊದಲು ಲೆಕ್ಕ ಹಾಕೋಣ. ಲೆಕ್ಕ ಹಾಕದೆ ಹೇಳುವ ನ್ಯಾಯ ಬರೀ ಬುದ್ಧಿಮಾತು. ಒಂದು ಮನೆ ಎಂದುಕೊಳ್ಳಿ: ಮೂರು ಗಂಡು, ಒಂದು ಹೆಣ್ಣು. ಹಿರಿಯವನು ಊರಲ್ಲೇ ಒಕ್ಕಲುತನ ಮಾಡುತ್ತಾನೆ, ನಡುವಿನವನು ಬೆಂಗಳೂರಲ್ಲಿ ನೌಕರಿ, ಸಣ್ಣವನು ಗೋವಾದಲ್ಲಿ ಗೌಂಡಿ ಕೆಲಸ, ಮಗಳು ಗಂಡನ ಮನೆ. ಅವ್ವ ಹಿರಿಯವನ ಮನೆಯಲ್ಲಿ ಹಾಸಿಗೆ ಹಿಡಿದಿದ್ದಾಳೆ. ದಿನಕ್ಕೆ ಮೂರು ಡೈಪರ್, ಒಂದಕ್ಕೆ 35 ರೂಪಾಯಿ ಹಿಡಿದರೆ ತಿಂಗಳಿಗೆ 3,150. ಗುಳಿಗೆಗೆ 2,000. ಹಾಲು, ಹಣ್ಣು, ಮೆತ್ತಗಿನ ಊಟಕ್ಕೆ 1,500. ದವಾಖಾನೆಗೆ ಗಾಡಿ ಮಾಡಿಕೊಂಡು ಹೋಗಿಬರುವುದಕ್ಕೆ 1,000. ಸಾಬೂನು, ಹುಣ್ಣಿನ ಮುಲಾಮು, ಹಾಸುವ ಹೊದೆಯುವ ಬಟ್ಟೆಗೆ 500. ಒಟ್ಟು 8,150. ಸಂಧ್ಯಾ ಸುರಕ್ಷಾ ಪಿಂಚಣಿಯಲ್ಲಿ ಅವ್ವನಿಗೆ ಬರುವುದು 1,200, ಅಂದರೆ ದಿನಕ್ಕೆ 40 ರೂಪಾಯಿ. ಒಂದು ಡೈಪರಿಗೆ ಸರಿಹೋಯಿತು. ಆಯುಷ್ಮಾನ್ ಕಾರ್ಡು ಆಸ್ಪತ್ರೆಗೆ ದಾಖಲಾದಾಗಿನ ಚಿಕಿತ್ಸೆಗೆ ಬರುತ್ತದೆ, ಮನೆಯ ಹೊರಸಿನ ಖರ್ಚಿಗೆ ಬರುವುದಿಲ್ಲ. ಉಳಿದದ್ದು 6,950. ಜಗಳ ನಡೆಯುವುದು ಈ 6,950ರ ಮೇಲೆ.

ಈ ಲೆಕ್ಕದಲ್ಲಿ ಒಂದು ದೊಡ್ಡ ಮೊತ್ತ ಬಂದೇ ಇಲ್ಲ. ಮಗ್ಗುಲು ಬದಲಿಸುವುದು, ಮೈ ಒರೆಸುವುದು, ಹೇಲು ಉಚ್ಚೆ ಬಳಿಯುವುದು, ಉಣಿಸುವುದು, ರಾತ್ರಿ ಕಾಯುವುದು, ಇದನ್ನೆಲ್ಲ ಮಾಡುವ ಹಿರೀ ಸೊಸೆಯ ದುಡಿಮೆಗೆ ಬೆಲೆ ಎಷ್ಟು? 2025–26ರಲ್ಲಿ ಕರ್ನಾಟಕದ ಉದ್ಯೋಗ ಖಾತ್ರಿ ಕೂಲಿ ದಿನಕ್ಕೆ 370 ರೂಪಾಯಿ ಇತ್ತು. ಅಷ್ಟೇ ಹಿಡಿಯಿರಿ, ಮಣ್ಣು ಅಗೆಯುವ ಕೂಲಿಗಿಂತ ಒಂದು ಪೈಸೆ ಹೆಚ್ಚು ಬೇಡ. ಮೂವತ್ತು ದಿನಕ್ಕೆ 11,100. ಈಗ ಅವ್ವನನ್ನು ನೋಡಿಕೊಳ್ಳುವ ನಿಜವಾದ ವೆಚ್ಚ ತಿಂಗಳಿಗೆ 18,050. ನಾಲ್ಕು ಮಕ್ಕಳಿಗೆ ಸಮನಾಗಿ ಹಂಚಿದರೆ ತಲೆಗೆ ಸುಮಾರು 4,500. ಹಿರಿಯವನ ಮನೆ ದುಡಿಮೆಯ ರೂಪದಲ್ಲಿ 11,100 ಆಗಲೇ ಕೊಟ್ಟಿದೆ. ಅಂದರೆ ಉಳಿದ ಮೂವರು ಡೈಪರು, ಗುಳಿಗೆ, ಹಾಲು ಎಲ್ಲವನ್ನೂ ತಾವೇ ಕೊಟ್ಟ ಮೇಲೂ ಆ ಸೊಸೆಗೆ ತಿಂಗಳಿಗೆ 6,500ಕ್ಕಿಂತ ಹೆಚ್ಚು ಬಾಕಿ ಉಳಿಸಿಕೊಂಡಿರುತ್ತಾರೆ.

ಬೆಲೆಗಳಲ್ಲಿ ಹೆಚ್ಚುಕಡಿಮೆ ಇರಬಹುದು, ನಿಮ್ಮ ಮನೆಯ ಅಂಕಿ ಹಾಕಿಕೊಳ್ಳಿ. ಎಷ್ಟು ಸಲ ಹಾಕಿದರೂ ಬರುವ ಉತ್ತರ ಹೆಚ್ಚು ಬದಲಾಗುವುದಿಲ್ಲ. ನಾವು ಖರ್ಚು ಎಂದು ಕರೆಯುವುದು ಖರ್ಚಿನ ಸಣ್ಣ ಪಾಲು. ದೊಡ್ಡ ಪಾಲನ್ನು ಒಬ್ಬ ಹೆಣ್ಣುಮಗಳು ತನ್ನ ಬೆನ್ನ ಮೇಲೆ ಹೊತ್ತಿದ್ದಾಳೆ, ಅದನ್ನು ನಾವು ಅವಳ ಧರ್ಮ ಎಂದು ಹೇಳಿ ಪುಸ್ತಕದಿಂದ ತೆಗೆದಿದ್ದೇವೆ. ಬೆಂಗಳೂರಿನವನು ತಿಂಗಳಿಗೆ ಎರಡು ಸಾವಿರ ಫೋನ್‌ಪೇ ಮಾಡಿ, ಅಷ್ಟು ದುಡ್ಡು ಏನಾತು ಎಂದು ಲೆಕ್ಕ ಕೇಳುತ್ತಾನಲ್ಲ, ಅವನಿಗೆ ಈ ಲೆಕ್ಕ ಯಾರೂ ತೋರಿಸಿಲ್ಲ.

ಇನ್ನು ಜಗಳದ ಮಾತುಗಳಿಗೆ ಬರೋಣ. ಯಾವ ಮನೆಯಲ್ಲಿ ಕೇಳಿದರೂ ನಾಲ್ಕೇ ಮಾತು.

"ಹೊಲಾ ಯಾರು ಉಣ್ಣಾಕತ್ತಾರ, ಅವರs ನೋಡ್ಲಿ." ಇದರಲ್ಲಿ ಅರ್ಧ ನ್ಯಾಯವಿದೆ. ಅವ್ವ ಅಪ್ಪನ ಪಾಲಿನ ಹೊಲವನ್ನು ಹಿರಿಯವನೇ ಬಿತ್ತಿ ಬೆಳೆಯುತ್ತಿದ್ದರೆ ಅದರ ಉತ್ಪನ್ನ ಮೊದಲು ಅವರ ಖರ್ಚಿಗೆ ಹೋಗಬೇಕು. ಆದರೆ ನಮ್ಮದು ಮಳೆ ನಂಬಿದ ಎರಿ. ಹೆಸರು ಬಿಡಿಸುವ ಹೊತ್ತಿಗೆ ಮಳೆ ಹಿಡಿದರೆ ಕಾಳು ಹೊಲದಲ್ಲೇ ಮೊಳಕೆ. ಹಿಂಗಾರಿ ಕಡ್ಲಿಗೆ ಹಸಿ ಸಾಲದಿದ್ದರೆ ಬೀಜದ ಖರ್ಚೂ ಹುಟ್ಟುವುದಿಲ್ಲ. ಹೊಲ ಪೀಕು ಕೊಡದ ವರ್ಷವೂ ಅವ್ವನಿಗೆ ಗುಳಿಗೆ ಬೇಕು. ಹೊಲದ ಹೆಸರು ಹೇಳಿ ಉಳಿದವರು ಕೈ ಬಿಡಲು ಬರುವುದಿಲ್ಲ.

"ಪಗಾರ ಇದ್ದಾವ ಕೊಡ್ಲಿ." ಇದರಲ್ಲೂ ಅರ್ಧ ನ್ಯಾಯವಿದೆ. ಇದ್ದವನು ಹೆಚ್ಚು ಕೊಡಬೇಕು. ಆದರೆ ದುಡ್ಡು ಕೊಟ್ಟವನೇ ಮಗ, ಉಳಿದವರು ಅವನ ಆಳು ಎನ್ನುವ ಹಾಗಾದರೆ ಅವ್ವನ ಹೊರಸು ಅವನ ಅಂಗಡಿಯಾಗುತ್ತದೆ. ಯಾವ ಡಾಕ್ಟರು, ಯಾವ ಆಸ್ಪತ್ರೆ ಎಂಬುದನ್ನು ರಾತ್ರಿ ಎದ್ದು ಕೂತವರನ್ನು ಕೇಳಿ ನಿರ್ಧರಿಸಬೇಕು, ಬರೀ ದುಡ್ಡು ಕಳಿಸಿದವರನ್ನು ಕೇಳಿ ಅಲ್ಲ.

"ಹೆಣ್ಣುಮಗಳು ಪಾಲು ಕೇಳ್ತಾಳ, ನೋಡ್ಕೊಳ್ಳಾಕ ಬರಂಗಿಲ್ಲ." ಇದನ್ನು ನನ್ನ ಮುಖಕ್ಕೇ ಹೇಳಿದವರಿದ್ದಾರೆ. ಕಾನೂನಿನಲ್ಲಿ ಇದಕ್ಕೆ ಎರಡು ಮುಖವಿದೆ, ಎರಡನ್ನೂ ಹೇಳುತ್ತೇನೆ. ಕರ್ನಾಟಕ 1994ರಲ್ಲೇ ಹಿಂದೂ ಉತ್ತರಾಧಿಕಾರ ಕಾಯ್ದೆ ತಿದ್ದಿ ಆಗ ಮದುವೆಯಾಗಿರದ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಪಾಲು ಕೊಟ್ಟಿತು. 2005ರಲ್ಲಿ ಕೇಂದ್ರ ಎಲ್ಲ ಹೆಣ್ಣುಮಕ್ಕಳಿಗೂ ಕೊಟ್ಟಿತು. 2020ರಲ್ಲಿ ಸುಪ್ರೀಂ ಕೋರ್ಟು ಈ ಹಕ್ಕು ಹುಟ್ಟಿನಿಂದ ಬಂದದ್ದು ಎಂದು ಖಚಿತಪಡಿಸಿತು. ಇನ್ನೊಂದು ಮುಖ: ಮದುವೆಯಾದ ಮಗಳೂ ತಂದೆ ತಾಯಿಗೆ ಜೀವನಾಂಶ ಕೊಡಬೇಕು ಎಂದು ಸುಪ್ರೀಂ ಕೋರ್ಟು 1987ರಷ್ಟು ಹಿಂದೆಯೇ ಹೇಳಿದೆ. ಹಾಗಾಗಿ ಪಾಲು ತಗೊಂಡ ಮಗಳು ಖರ್ಚಿನಿಂದ ಜಾರಿಕೊಳ್ಳಲು ಬರುವುದಿಲ್ಲ, ಜಾರಿಕೊಳ್ಳಲೂಬಾರದು. ಆದರೆ ಹಕ್ಕುಬಿಟ್ಟ ಪತ್ರ ಬರೆಸಿಕೊಂಡು, ಆಮೇಲೆ ಶಕ್ತಿ ಯೋಜನೆಯಲ್ಲಿ ಬಸ್ಸು ಪುಕ್ಕಟೆ ಅದ, ಬಂದು ತಿಂಗಳಿಗೆ ಹತ್ತು ದಿನ ನೋಡ್ಕೊಂಡು ಹೋಗು ಎನ್ನುವುದು ಯಾವ ನ್ಯಾಯ? ಬಸ್ಸಿಗೆ ಟಿಕೆಟ್ ಇಲ್ಲದಿದ್ದರೂ ಅವಳ ಹತ್ತು ದಿನಕ್ಕೆ ಬೆಲೆ ಇದೆ.

ನಾಲ್ಕನೆಯದು ಗೃಹಲಕ್ಷ್ಮಿಯದು. 2023ರಲ್ಲಿ ಯೋಜನೆ ಬಂದಾಗ ಎರಡು ಸಾವಿರ ಅತ್ತೆಗೋ ಸೊಸೆಗೋ ಎಂದು ನಾಡಿನ ತುಂಬ ಚರ್ಚೆಯಾಯಿತು. ರೇಷನ್ ಕಾರ್ಡಿನಲ್ಲಿ ಯಜಮಾನಿ ಯಾರೋ ಅವರ ಖಾತೆಗೆ ಅದು ಜಮೆ. ಅತ್ತೆಯ ಹೆಸರಲ್ಲಿದ್ದರೆ ಸೊಸೆ ಅದನ್ನು ತೆಗೆದು ಮನೆಗೆ ಹಾಕಿದಳು ಎಂದು ಮೈದುನಂದಿರ ದೂರು. ಸೊಸೆಯ ಹೆಸರಲ್ಲಿದ್ದರೆ, ಸರ್ಕಾರವೇ ಕೊಡುತ್ತಿದೆಯಲ್ಲ, ನಾವ್ಯಾಕೆ ಕೊಡಬೇಕು ಎಂಬ ಸಬೂಬು. ಇದಕ್ಕೆ ತೀರ್ಪು ಸರಳ. ಅತ್ತೆಯ ಖಾತೆಗೆ ಬಂದದ್ದು ಅತ್ತೆಯ ಖರ್ಚಿಗೆ, ಲೆಕ್ಕ ಬರೆದು. ಸೊಸೆಯ ಖಾತೆಗೆ ಬಂದದ್ದು ಸೊಸೆಯದು. ಅದರ ಮೇಲೆ ಯಾರ ಕಣ್ಣೂ ಬೇಡ.

ಕಾನೂನು ಇದೆಯಲ್ಲ, ಕೋರ್ಟಿಗೆ ಹೋಗಲಿ ಎಂದು ನೀವು ಹೇಳಬಹುದು. ಇದೆ. 2007ರ ಹಿರಿಯ ನಾಗರಿಕರ ಪೋಷಣೆಯ ಕಾಯ್ದೆಯ ಪ್ರಕಾರ, ತಮ್ಮ ದುಡಿಮೆ ಇಲ್ಲವೇ ಆಸ್ತಿಯಿಂದ ಬದುಕು ನಡೆಸಲಾಗದ ತಂದೆ ತಾಯಿ ಒಬ್ಬ ಮಗನ ಮೇಲೆ ಅಥವಾ ಎಲ್ಲ ಮಕ್ಕಳ ಮೇಲೆ ಉಪವಿಭಾಗಾಧಿಕಾರಿಯ ಅಧ್ಯಕ್ಷತೆಯ ನ್ಯಾಯಮಂಡಳಿಗೆ ಅರ್ಜಿ ಕೊಡಬಹುದು. ನಮಗೆ ಅದು ಗದಗಿನಲ್ಲಿ. ತಾವೇ ಹೋಗಲಾಗದವರ ಪರವಾಗಿ ಅವರು ಒಪ್ಪಿದ ಬೇರೊಬ್ಬರು ಕೊಡಬಹುದು. ಒಬ್ಬನ ಮೇಲೆ ಅರ್ಜಿ ಬಿದ್ದರೆ ಅವನು ಉಳಿದ ಅಣ್ಣತಮ್ಮ ಅಕ್ಕತಂಗಿಯರನ್ನೂ ಅದರೊಳಗೆ ಸೇರಿಸಬಹುದು. ನೋಟಿಸು ಮುಟ್ಟಿದ 90 ದಿನದಲ್ಲಿ ತೀರ್ಮಾನ ಆಗಬೇಕು, ತೀರಾ ಅಗತ್ಯವಿದ್ದರೆ ಇನ್ನು 30 ದಿನ. ಅಷ್ಟರ ನಡುವೆ ತಾತ್ಕಾಲಿಕ ಜೀವನಾಂಶ ಕೊಡಿಸಬಹುದು. ಆದೇಶವಾದರೂ ಕೊಡದವನಿಗೆ ವಾರಂಟು, ಒಂದು ತಿಂಗಳವರೆಗೆ ಜೈಲು. ಮಕ್ಕಳಿಲ್ಲದ ಹಿರಿಯರಾದರೆ ಅವರ ಆಸ್ತಿ ಇಟ್ಟುಕೊಂಡವರು, ಮುಂದೆ ವಾರಸುದಾರರಾಗುವವರು ತಮಗೆ ಬರುವ ಪಾಲಿನ ಪ್ರಮಾಣದಲ್ಲಿ ಕೊಡಬೇಕು. ಸಹಾಯವಾಣಿ 14567. ಉಚಿತ ಕಾನೂನು ನೆರವಿಗೆ 15100. ಹೆಣ್ಣುಮಕ್ಕಳಿಗೆ ಆದಾಯ ನೋಡದೆ ಆ ನೆರವು ಸಿಗುತ್ತದೆ.

ಆದರೂ ಈ ಕಾನೂನು ನಮ್ಮ ಲೆಕ್ಕಕ್ಕೆ ಸಾಲದು. ಅದರಲ್ಲಿ ಜೀವನಾಂಶದ ಗರಿಷ್ಠ ಮಿತಿ ತಿಂಗಳಿಗೆ 10,000. ಮೇಲೆ ಹೇಳಿದ ಸೊಸೆಯ ಕೂಲಿಗೇ ಅದು ಸಾಲುವುದಿಲ್ಲ. ಮ್ಯಾಜಿಸ್ಟ್ರೇಟರ ಕೋರ್ಟಿನಲ್ಲಿ ಈಗಿನ ನಾಗರಿಕ ಸುರಕ್ಷಾ ಸಂಹಿತೆಯ 144ನೇ ಕಲಮಿನಡಿ ಕೇಳಿದರೆ ಆ ಮಿತಿ ಇಲ್ಲ, ಆದರೆ ಎರಡರಲ್ಲಿ ಒಂದನ್ನೇ ಆರಿಸಿಕೊಳ್ಳಬೇಕು. 2007ರ ಕಾಯ್ದೆಯ ಮಕ್ಕಳ ಪಟ್ಟಿಯಲ್ಲಿ ಮಗ, ಮಗಳು, ಮೊಮ್ಮಗ, ಮೊಮ್ಮಗಳು ಇದ್ದಾರೆ, ಸೊಸೆ ಇಲ್ಲ. ಸೊಸೆ, ಅಳಿಯರನ್ನೂ ಸೇರಿಸಿ ಆ ಮಿತಿ ತೆಗೆಯುವ ತಿದ್ದುಪಡಿಯನ್ನು 2019ರಲ್ಲಿ ಲೋಕಸಭೆಯಲ್ಲಿ ಮಂಡಿಸಿದರು, ಅದು ಕಾನೂನಾಗಲಿಲ್ಲ. ಹೀಗಾಗಿ ಕಾಗದದ ಮೇಲೆ ಸೊಸೆಗೆ ಹೊಣೆಯೂ ಇಲ್ಲ, ಮನೆಯಲ್ಲಿ ಕೆಲಸವೆಲ್ಲ ಅವಳದೇ, ಕೂಲಿ ಮಾತ್ರ ಎಲ್ಲಿಯೂ ಇಲ್ಲ.

ಇದಕ್ಕಿಂತ ದೊಡ್ಡ ಅಡ್ಡಿ ಬೇರೆ. ಯಾವ ಅವ್ವ ಗದಗಿಗೆ ಹೋಗಿ ಮಗನ ಹೆಸರು ಬರೆಸಿ ಅರ್ಜಿ ಕೊಡುತ್ತಾಳೆ? ಅವನ ಮನೆಯಲ್ಲೇ ಅವಳು ಮಲಗಬೇಕು. ಅವನ ಕೈಯಿಂದಲೇ ನೀರು ಕುಡಿಯಬೇಕು. ಕಾನೂನಿನ ಬಾಗಿಲು ತಟ್ಟುವವರು ಎಲ್ಲ ಕೆಟ್ಟ ಮೇಲೆ ತಟ್ಟುತ್ತಾರೆ. ಕೆಟ್ಟದ್ದು ಎಲ್ಲಿಗೆ ಮುಟ್ಟಬಹುದು ಎಂಬುದಕ್ಕೆ ದೂರ ಹೋಗಬೇಕಿಲ್ಲ. ಬೆಳಗಾವಿ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯ ಆಸ್ಪತ್ರೆಯಲ್ಲಿ ಮಕ್ಕಳು ಬಿಟ್ಟುಹೋದ 150ಕ್ಕೂ ಹೆಚ್ಚು ಹಿರಿಯರ ಪ್ರಕರಣಗಳು 2025ರ ಮಾರ್ಚ್‌ನಲ್ಲಿ ಸುದ್ದಿಯಾದವು. ಅಂಥ ಮಕ್ಕಳಿಗೆ ಬರೆದುಕೊಟ್ಟ ಆಸ್ತಿಪತ್ರ, ಉಯಿಲು ರದ್ದು ಮಾಡಿಸಿ ಎಂದು ವೈದ್ಯಕೀಯ ಶಿಕ್ಷಣ ಸಚಿವ ಶರಣಪ್ರಕಾಶ ಪಾಟೀಲರು ಅಧಿಕಾರಿಗಳಿಗೆ ಸೂಚಿಸಿದರು. ಆಸ್ಪತ್ರೆಗೆ ಸೇರಿಸುವಾಗ ಕರೆತಂದವನು ಒಬ್ಬ ಮಗ ಇದ್ದೇ ಇದ್ದ. ಡಿಸ್ಚಾರ್ಜ್ ದಿನ ಯಾರ ಮನೆಗೆ ಎಂಬ ಪ್ರಶ್ನೆಗೆ ಉತ್ತರ ಇಲ್ಲದಾಗ ಹೊರಸು ಅಲ್ಲೇ ಉಳಿಯುತ್ತದೆ. ಆ ಮಕ್ಕಳೆಲ್ಲ ರಾಕ್ಷಸರು ಎಂದು ನಾನು ನಂಬುವುದಿಲ್ಲ. ಬಹಳ ಮಂದಿ ನಾನೊಬ್ಬನೇ ಯಾಕೆ ಎಂಬ ಸಿಟ್ಟಿನಲ್ಲಿ ಶುರು ಮಾಡಿ ಅಲ್ಲಿಗೆ ಮುಟ್ಟಿದವರು.

ಆಸ್ತಿ ವಾಪಸು ಪಡೆಯುವುದೂ ಸುಲಭದ ಮಾತಲ್ಲ. ಇಲ್ಲಿ ನಿಮ್ಮ ಪೆನ್ನಿಗೆ ನೇರ ಕೆಲಸವಿದೆ, ಗಮನವಿಟ್ಟು ಓದಿ. 2007ರ ಕಾಯ್ದೆಯ 23ನೇ ಕಲಮಿನ ಪ್ರಕಾರ, ನನ್ನನ್ನು ನೋಡಿಕೊಳ್ಳಬೇಕು ಎಂಬ ಷರತ್ತಿನ ಮೇಲೆ ಹಿರಿಯರು ಬಕ್ಷೀಸ ಪತ್ರ ಮಾಡಿಕೊಟ್ಟಿದ್ದು, ಪಡೆದವನು ನೋಡಿಕೊಳ್ಳದಿದ್ದರೆ ಆ ಪತ್ರವನ್ನು ರದ್ದು ಮಾಡಿಸಬಹುದು. ಆ ಷರತ್ತು ಇತ್ತೆಂದು ತೋರಿಸಲೇಬೇಕು ಎಂದು ಸುಪ್ರೀಂ ಕೋರ್ಟು 2022ರ ಡಿಸೆಂಬರಿನಲ್ಲಿ ಹೇಳಿತು. 2025ರ ಜನವರಿಯಲ್ಲಿ ಮಧ್ಯಪ್ರದೇಶದ ಊರ್ಮಿಳಾ ದೀಕ್ಷಿತ್ ಪ್ರಕರಣದಲ್ಲಿ, ಈ ಕಾನೂನನ್ನು ಹಿರಿಯರಿಗೆ ಒಳ್ಳೆಯದಾಗುವಂತೆ ಉದಾರವಾಗಿ ಓದಬೇಕೆಂದು ಹೇಳಿ ತಾಯಿಗೆ ಆಸ್ತಿ ಮರಳಿ ಕೊಡಿಸಿತು. ಅಲ್ಲಿಯೂ ವ್ಯಾಜ್ಯ ನಿಂತದ್ದು ನೋಡಿಕೊಳ್ಳುತ್ತೇನೆ ಎಂದು ಮಗ ಬರೆದುಕೊಟ್ಟ ಬೇರೊಂದು ಕಾಗದದ ಮೇಲೆ. ಆ ಷರತ್ತು ಬಕ್ಷೀಸ ಪತ್ರದೊಳಗೇ ಸ್ಪಷ್ಟವಾಗಿ ಇದ್ದಿದ್ದರೆ ತಾಯಿ ದಿಲ್ಲಿಯವರೆಗೆ ಹೋಗಬೇಕಾಗುತ್ತಿರಲಿಲ್ಲವೇನೋ.

ಹೊರಗಿನ ದೇಶಗಳು ಈ ಜಗಳವನ್ನು ಹೇಗೆ ಬಿಡಿಸಿಕೊಂಡವು ಎಂಬುದರಲ್ಲಿ ನಮಗೆ ಬೇಕಾದದ್ದು ಎರಡು ಸಂಗತಿ. ಜರ್ಮನಿಯಲ್ಲಿ 2020ರಿಂದ, ವರ್ಷಕ್ಕೆ ಒಂದು ಲಕ್ಷ ಯೂರೋಗಿಂತ ಹೆಚ್ಚು ದುಡಿಯುವ ಮಕ್ಕಳಿಂದ ಮಾತ್ರ ತಂದೆ ತಾಯಿಯ ಆರೈಕೆಯ ಖರ್ಚನ್ನು ಸರ್ಕಾರ ವಸೂಲು ಮಾಡುತ್ತದೆ. ಉಳಿದವರದನ್ನು ಸಮಾಜ ಹೊರುತ್ತದೆ. ಜಪಾನಿನಲ್ಲಿ 2000ದಿಂದ 40 ದಾಟಿದವರೆಲ್ಲ ಆರೈಕೆಯ ವಿಮೆಗೆ ಕಂತು ಕಟ್ಟುತ್ತಾರೆ. ಅದಕ್ಕಿಂತ ನಮಗೆ ಹತ್ತಿರದ್ದು 2019ರ ಜುಲೈಯಲ್ಲಿ ಅಲ್ಲಿ ಜಾರಿಗೆ ಬಂದ ನಿಯಮ. ವಾರಸುದಾರಳಲ್ಲದ ಸೊಸೆ ಕೂಲಿ ಇಲ್ಲದೆ ಅತ್ತೆ ಮಾವನ ಸೇವೆ ಮಾಡಿದ್ದರೆ, ಅವರು ತೀರಿದ ಮೇಲೆ ವಾರಸುದಾರರಿಂದ ಅದಕ್ಕೆ ಹಣ ಕೇಳುವ ಹಕ್ಕು ಅವಳಿಗಿದೆ. ದೂರದ ಜಪಾನಿಗೆ ಹೊಳೆದದ್ದು ನಮ್ಮ ಜಗಲಿಗೆ ಹೊಳೆಯಬಾರದೇ? ಸರ್ಕಾರದ ವಿಮೆ ನಮಗೆ ಬರುವಾಗ ಬರಲಿ. ಸೊಸೆಯ ದುಡಿಮೆಯನ್ನು ವಾಟ್ನಿ ಕಾಗದದಲ್ಲಿ ಬರೆಯಲು ಯಾವ ಸರ್ಕಾರದ ಅಪ್ಪಣೆಯೂ ಬೇಡ.

ಹಾಗಾಗಿ ಹಿರಿಯರೇ, ಮುಂದಿನ ವಾಟ್ನಿಗೆ ಕೂಡುವಾಗ ಈ ಐದು ಮಾತು ಬರೆಸದೆ ಜಗಲಿ ಬಿಟ್ಟು ಏಳಬೇಡಿ.

ಒಂದು, ತಂದೆ ತಾಯಿಯ ಪಾಲು. ಎಲ್ಲ ಹೊಲವನ್ನೂ ಮಕ್ಕಳ ಹೆಸರಿಗೆ ಮಾಡಬೇಡಿ. ಇಬ್ಬರೂ ಇರುವವರೆಗೆ ಒಂದು ಪಾಲು ಅವರ ಹೆಸರಿನ ಉತಾರದಲ್ಲೇ ಇರಲಿ. ಆ ಹೊಲವನ್ನು ಮಗನೇ ಮಾಡಿದರೂ ಹೊರಗಿನವರು ಲಾವಣಿಗೆ, ಅಂದರೆ ಗೇಣಿಗೆ, ಹಾಕಿಕೊಂಡರೂ ಹಣ ಅವರ ಬ್ಯಾಂಕ್ ಖಾತೆಗೆ ಬರಲಿ. ಬಕ್ಷೀಸ ಪತ್ರ ಮಾಡಲೇಬೇಕಾದರೆ ನೋಡಿಕೊಳ್ಳುವ ಷರತ್ತು ಅದರೊಳಗೇ ಬರಲಿ. ಹೊಲವೇ ಇಲ್ಲದ ಮನೆಗಳಿಗೆ ಈ ಮಾತು ಅನ್ವಯಿಸುವುದಿಲ್ಲ. ಅಲ್ಲಿ ಉಳಿದ ನಾಲ್ಕೂ ಇನ್ನಷ್ಟು ಗಟ್ಟಿಯಾಗಿ ಬೇಕು.

ಎರಡು, ಮಾಡುವವರ ಹೆಸರು. ಯಾರ ಮನೆಯಲ್ಲಿ ಇರುತ್ತಾರೆ ಎಂಬುದರ ಜೊತೆಗೆ, ಕೈಯಾರೆ ಮಾಡುವವರು ಯಾರು ಎಂದು ಬರೆಯಿರಿ. ಹಿರಿಯ ಮಗ ಎಂದು ಬರೆದರೆ ಸಾಲದು, ಅವನ ಹೆಂಡತಿಯ ಹೆಸರು ಬರಬೇಕು. ಅವಳ ದುಡಿಮೆಗೆ ದಿನಕ್ಕೆ ಇಷ್ಟು ಎಂದು ಬೆಲೆ ಕಟ್ಟಿ. ಕೈಯಲ್ಲಿ ಕೊಡಲು ಆಗದಿದ್ದರೆ ಬಾಕಿ ಎಂದು ಬರೆಯುತ್ತ ಹೋಗಿ, ತಂದೆ ತಾಯಿಯ ಪಾಲು ಕೊನೆಗೆ ಹಂಚುವಾಗ ಆ ಬಾಕಿ ಮೊದಲು ತೀರಲಿ, ಅವಳ ಹೆಸರಿಗೇ ತೀರಲಿ. ಅದಕ್ಕೆ ತಂದೆ ತಾಯಿ ಗಟ್ಟಿಯಿರುವಾಗಲೇ ಉಯಿಲು ಬರೆಸಿಡಿ.

ಮೂರು, ಕೊಡುವವರ ಮೊತ್ತ. ದೂರ ಇರುವವರು ಆದಷ್ಟು ಕೊಡುತ್ತೇನೆ ಎಂದರೆ ಒಪ್ಪಬೇಡಿ. ಎಷ್ಟು, ಯಾವ ತಾರೀಖಿಗೆ, ಯಾವ ಖಾತೆಗೆ ಎಂದು ಬರೆಸಿ. ಹೊಲದಲ್ಲಿ ಸಿಕ್ಕ ಪಾಲು ಎಷ್ಟು, ಈಗಿನ ದುಡಿಮೆ ಎಷ್ಟು, ಎರಡನ್ನೂ ನೋಡಿ ಹೊಂದಿಸಿ. ಪಾಲು ತಗೊಂಡ ಹೆಣ್ಣುಮಕ್ಕಳನ್ನೂ ಸೇರಿಸಿ. ಪಾಲು ಬಿಟ್ಟವರ ಮೇಲೆ ಹಾಕಬೇಡಿ, ಅವರಾಗಿ ಕೊಟ್ಟರೆ ತಗೊಳ್ಳಿ.

ನಾಲ್ಕು, ಬಿಡುವು. ನೋಡಿಕೊಳ್ಳುವವಳಿಗೂ ತವರಿದೆ, ಜ್ವರ ಬರುತ್ತದೆ, ಅಣ್ಣನ ಮಗಳ ಮದುವೆ ಇರುತ್ತದೆ. ಉಳಿದ ಮಕ್ಕಳು ವರ್ಷಕ್ಕೆ ಇಷ್ಟು ದಿನ ತಾವೇ ಬಂದು ಹೊರಸಿನ ಪಕ್ಕ ಇರಬೇಕು. ಬರಲಾಗದವರು ಬದಲಿ ಆಳಿನ ಕೂಲಿ ಕೊಡಬೇಕು. ಮುದುಕರನ್ನು ಹೊತ್ತು ಸಾಗಿಸುವ ಪಾಳಿ ನಿಲ್ಲಲಿ, ಮಕ್ಕಳು ಬಂದು ಹೋಗುವ ಪಾಳಿ ಶುರುವಾಗಲಿ.

ಐದು, ವರ್ಷದ ಲೆಕ್ಕ. ಲಾವಣಿ, ಆಳಿನ ಕರಾರು ಎಲ್ಲ ಯುಗಾದಿಗೆ ಹೊಸದಾಗುತ್ತವೆ. ಇದೂ ಆಗಲಿ. ಖರ್ಚಿನ ಒಂದು ವಹಿ ಇರಲಿ, ಔಷಧ ಅಂಗಡಿಯ ಚೀಟಿಗಳು ಅದರಲ್ಲಿರಲಿ, ಯುಗಾದಿ ಮರುದಿನ ನಿಮ್ಮಲ್ಲಿಬ್ಬರು ಕೂತು ನೋಡಿ. ಕಾಯಿಲೆ ಹೆಚ್ಚಿದ್ದರೆ ಮೊತ್ತ ಹೆಚ್ಚಲಿ. ನೌಕರಿ ಹೋದವನಿಗೆ ಕಡಿಮೆಯಾಗಲಿ.

ಇದನ್ನೆಲ್ಲ ಕೇಳಿ ಕೆಲವರು, ಹೆತ್ತವರ ಸೇವೆಗೂ ಲೆಕ್ಕ ಹಾಕುವ ಕಾಲ ಬಂತಲ್ಲ ಎನ್ನುತ್ತಾರೆ. ಲೆಕ್ಕ ಈಗಲೂ ನಡೆಯುತ್ತಿದೆ ಸ್ವಾಮಿ. ಒಲೆಯ ಮುಂದೆ ನಡೆಯುತ್ತಿದೆ, ಫೋನಿನಲ್ಲಿ ನಡೆಯುತ್ತಿದೆ, ಮುದುಕಿ ಮಲಗಿದ ಕೋಣೆಯ ಬಾಗಿಲಲ್ಲಿ ನಡೆಯುತ್ತಿದೆ. ಅದನ್ನು ಅವಳ ಕಿವಿಯಿಂದ ಎತ್ತಿ ಕಾಗದದ ಮೇಲೆ ಇಡಿ ಎಂದು ಕೇಳುತ್ತಿದ್ದೇನೆ. ದುಡ್ಡಿನ ಮಾತು ಒಂದು ಸಲ ಮುಗಿದರೆ ಮಕ್ಕಳು ಅವ್ವನ ಹತ್ತಿರ ಬೇರೆ ಮಾತಾಡಲು ಬರಬಹುದು.

ಇನ್ನು ಕೆಲವರು, ಇದು ಮನೆಯೊಳಗಿನ ವಿಷಯ, ಊರಿನ ಹಿರಿಯರು ಯಾಕೆ ನಡುವೆ ಬರಬೇಕು ಎನ್ನುತ್ತಾರೆ. ಹೊಲ ಮನೆಯೊಳಗಿನ ವಿಷಯ ಆಗಿರಲಿಲ್ಲವೇ? ಮುಂಬಯಿ ವಿಧಾನಸಭೆಯಲ್ಲಿ ನಿಂತು, ಹರಿದು ಹಂಚಿಹೋದ ಕನ್ನಡದವರು ಒಂದಾಗಬೇಕೆಂದು ವಾದಿಸಿದ ಅಂದಾನಪ್ಪ ದೊಡ್ಡಮೇಟಿಯವರ ಊರು ಇದು. ಬೇರೆ ಬೇರೆ ಕಡೆ ಚದುರಿದ ನಾಲ್ಕು ಮಕ್ಕಳನ್ನು ಒಂದು ಒಪ್ಪಂದಕ್ಕೆ ತರುವುದು ಈ ಊರಿನ ಹಿರಿಯರಿಗೆ ಆಗದ ಕೆಲಸವಲ್ಲ.

ಕೊನೆಯದಾಗಿ ಒಂದು ಬಿನ್ನಹ. ವಾಟ್ನಿಯ ಜಗಲಿಯ ಮೇಲೆ ಗಂಡಸರಷ್ಟೇ ಕೂಡುತ್ತೀರಿ. ಮುಂದಿನ ಸಲ ಅವ್ವನನ್ನು ಒಳಗಿನಿಂದ ಕರೆಸಿ, ನೀನು ಎಲ್ಲಿರಬೇಕೆಂದಿದ್ದೀ ಎಂದು ಮೊದಲು ಅವಳನ್ನೇ ಕೇಳಿ. ಸೊಸೆಯರನ್ನು ಕರೆಸಿ, ನಿನ್ನಿಂದ ಎಷ್ಟಾಗುತ್ತದೆ ಎಂದು ಕೇಳಿ. ಹೆಣ್ಣುಮಕ್ಕಳನ್ನು ಸಹಿಗೆ ಕರೆಯುವ ಬದಲು ಮಾತಿಗೆ ಕರೆಯಿರಿ. ಇವರೆಲ್ಲರೂ ಕೂತಿರದ ವಾಟ್ನಿಯ ಕಾಗದಕ್ಕೆ ನೀವು ಸಾಕ್ಷಿ ಹಾಕಬೇಡಿ. ನಿಮ್ಮ ಸಾಕ್ಷಿ ಇಲ್ಲದೆ ಈ ಊರಲ್ಲಿ ಯಾವ ವಾಟ್ನಿಯೂ ನಿಲ್ಲುವುದಿಲ್ಲ.

ಇಂತಿ ನಿಮ್ಮ,
ಜಕ್ಕಲಿಯ ಒಬ್ಬ ಮನೆಮಗಳು